ಊದುವ ಮೊದಲು ಹಾಡು

ಕನ್ನಡದಲ್ಲಿ ಅಕ್ಷರ ಕಲಿತ ಮಕ್ಕಳೆಲ್ಲರೂ ಬಲ್ಲ ತುತ್ತೂರಿಯೊಂದಿದೆ; ಜಿ. ಪಿ. ರಾಜರತ್ನಂ ಅವರ ಮಕ್ಕಳ ಪದ್ಯದ ತುತ್ತೂರಿ. ಅದನ್ನು ಕೊಂಡ ಹುಡುಗ ಆ ಕ್ಷಣವೇ ಸಪ್ತಸ್ವರಗಳನ್ನು ಏರಿಸಿ ಊದುತ್ತಾನೆ, ಇಳಿಸಿ ಊದುತ್ತಾನೆ. ಆಮೇಲೆ ಅವನಿಗೆ ಬಂದ ಜಂಬ, ಆ ಜಂಬಕ್ಕೆ ಆದ ಶಾಸ್ತಿ ಎಲ್ಲರಿಗೂ ಗೊತ್ತಿರುವುದೇ. ಆ ಹುಡುಗನ ಮೇಲೆ ನನಗೆ ಐವತ್ತು ವರ್ಷಗಳಿಂದ ಒಂದು ಸಣ್ಣ ಅಸೂಯೆ. ಬ್ಯಾಂಡಿನವರು ಟ್ರಂಪೆಟ್ ಎನ್ನುವ ಹಿತ್ತಾಳೆಯ ನಿಜವಾದ ತುತ್ತೂರಿಯಲ್ಲಿ ಆ ಏಳು ಸ್ವರಗಳನ್ನು ತಪ್ಪದೆ ಏರಿ ಇಳಿಯುವುದಕ್ಕೆ ನನಗೆ ಹದಿನಾಲ್ಕು ತಿಂಗಳು ಹಿಡಿದುವು. ಅವುಗಳಲ್ಲಿ ಮೊದಲ ಎಂಟು ತಿಂಗಳು ವ್ಯರ್ಥ. ಹಾಡದೆ ಬರಿದೆ ಊದಿದ್ದರಿಂದ ವ್ಯರ್ಥ.

1975ರ ಜನವರಿಯಲ್ಲಿ, ಮೈಸೂರಿನಲ್ಲಿ ಕಾಲೇಜು ಓದುತ್ತಿದ್ದಾಗ, ಹಳೆಯ ತುತ್ತೂರಿಯೊಂದನ್ನು ಅಗ್ಗದ ಬೆಲೆಗೆ ಕೊಂಡೆ. ಮೈಸೂರಿನ ಹುಡುಗನೊಬ್ಬನಿಗೆ ಹಿತ್ತಾಳೆಯ ಮೋಹ ಹತ್ತುವುದು ವಿಚಿತ್ರವೇನಲ್ಲ. ಅರಮನೆಯಲ್ಲಿ ಕರ್ನಾಟಕ ಬ್ಯಾಂಡು, ಇಂಗ್ಲಿಷ್ ಬ್ಯಾಂಡು ಎಂದು ಎರಡು ಮೇಳಗಳಿದ್ದುವು. ನಮ್ಮ ಕೃತಿಗಳನ್ನು ಪಾಶ್ಚಾತ್ಯ ವಾದ್ಯಗಳಲ್ಲಿ ನುಡಿಸುವುದು ಆ ಊರಿಗೆ ಹೊಸತಲ್ಲ. ಕದ್ರಿ ಗೋಪಾಲನಾಥರು (1949–2019) ಸ್ಯಾಕ್ಸೊಫೋನಿಗೆ ಮನಸೋತದ್ದು ಆ ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿಯೇ. ನನ್ನ ಕಥೆ ಅಷ್ಟು ದೊಡ್ಡದಲ್ಲ. ನಾನು ಮುಂದೆ ಶಾಲೆಯ ಉಪಾಧ್ಯಾಯನಾದೆ. ತುತ್ತೂರಿ ಸಂಜೆಯ ಸಂಗಾತಿಯಾಗಿ ಉಳಿಯಿತು.

ನಮ್ಮ ವಠಾರದ ಹಿಂದಿನ ಬೀದಿಯಲ್ಲಿ ಮೂವತ್ತು ವರ್ಷ ಬ್ಯಾಂಡಿನಲ್ಲಿ ಊದಿ ಮನೆಯಲ್ಲಿ ಕುಳಿತಿದ್ದ ಹಿರಿಯರೊಬ್ಬರಿದ್ದರು. ಎಲ್ಲರಿಗೂ ಅವರು ಮೇಷ್ಟ್ರು. ಸೈಕಲ್ಲಿನಿಂದ ಬಿದ್ದು ಅವರ ಮೇಲಿನ ಸಾಲಿನ ಮುಂದಿನ ಹಲ್ಲುಗಳು ಹೋಗಿದ್ದುವು. ತುತ್ತೂರಿಯವನಿಗೆ ಮುಂದಿನ ಹಲ್ಲೆಂದರೆ ಮನೆಗೆ ತೊಲೆಯಿದ್ದ ಹಾಗೆ. ಮೌತ್‌ಪೀಸು ತುಟಿಯ ಮೇಲೆ ಕೂರುತ್ತದೆ, ತುಟಿ ಹಲ್ಲಿನ ಮೇಲೆ ಒರಗುತ್ತದೆ. ಕಟ್ಟಿಸಿಕೊಂಡ ಹಲ್ಲು ಅವರ ಬಾಯಲ್ಲಿ ನಿಲ್ಲಲಿಲ್ಲ. ಆದುದರಿಂದ ನನಗೆ ತುತ್ತೂರಿ ಕಲಿಸಿದ ಗುರು ತುತ್ತೂರಿ ಊದಿದ್ದನ್ನು ನಾನು ಒಂದು ದಿನವೂ ಕೇಳಲಿಲ್ಲ. ಅವರು ಹಾಡಿ ಕಲಿಸಿದರು.

ಮೊದಲ ದಿನವೇ ಶ್ರುತಿಪೆಟ್ಟಿಗೆಯನ್ನು ಮುಂದಿಟ್ಟು, “ಸ ಅನ್ನಪ್ಪ, ಕೇಳೋಣ” ಎಂದರು. ನನಗೆ ನಿರಾಶೆಯಾಯಿತು. ಸರಳೆವರಸೆ ಹಾಡುವುದಾಗಿದ್ದರೆ ಮನೆಯಲ್ಲಿ ಅಮ್ಮ ಇದ್ದಳು, ಅವಳ ತಂಬೂರಿ ಇತ್ತು. ನಾನು ಬಂದದ್ದು ಊದುವುದಕ್ಕೆ. ಅವರ ಎದುರಿಗೆ ಒಂದೆರಡು ಸಲ ಗೊಣಗಿದಂತೆ ಹಾಡಿ, ಮನೆಗೆ ಬಂದು ಬೆರಳುಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡು ಊದುತ್ತಿದ್ದೆ. ಯಾವ ಸ್ವರಕ್ಕೆ ಯಾವ ಗುಂಡಿ ಎಂಬುದು ಬಾಯಿಪಾಠವಾದರೆ ವಿದ್ಯೆ ಕೈಗೆ ಬಂದ ಹಾಗೆ ಎಂದು ನನ್ನ ತಿಳಿವಳಿಕೆ. ಹಾರ್ಮೋನಿಯಂ ನೋಡಿ ಬೆಳೆದವರಿಗೆ ಈ ಭ್ರಮೆ ಸಹಜ: ಮನೆಯನ್ನು ಒತ್ತಿದರೆ ಸ್ವರ ಬಂದೇ ಬರುತ್ತದೆ.

ತುತ್ತೂರಿ ಹಾಗಲ್ಲ. ಇದನ್ನು ಕೊಂಚ ಬಿಡಿಸಿ ಹೇಳಬೇಕು. ಹಾಡಬೇಕಾದುದು ಏಕೆಂಬುದೆಲ್ಲ ಇದರಲ್ಲೇ ಅಡಗಿದೆ.

ಅದರಲ್ಲಿರುವುದು ಮೂರೇ ಗುಂಡಿಗಳು. ನಡುವಿನದನ್ನು ಒತ್ತಿದರೆ ಧ್ವನಿ ಅರ್ಧ ಸ್ವರ ಇಳಿಯುತ್ತದೆ. ಮೊದಲನೆಯದು ಒಂದು ಪೂರ್ಣ ಸ್ವರ, ಮೂರನೆಯದು ಒಂದೂವರೆ ಸ್ವರ ಇಳಿಸುತ್ತದೆ. ಗುಂಡಿಗಳ ಕೆಲಸ ಇಳಿಸುವುದು ಮಾತ್ರ. ಎಲ್ಲಿಂದ ಇಳಿಯಬೇಕೆಂಬುದನ್ನು ನಿಶ್ಚಯಿಸುವುದು ತುಟಿ. ಒಂದು ಗುಂಡಿಯನ್ನೂ ಒತ್ತದೆ ಊದಿದರೆ ಸ ಬರಬಹುದು, ಪ ಬರಬಹುದು, ತಾರಸ್ಥಾಯಿಯ ಸ ಬರಬಹುದು, ಅದರ ಮೇಲಿನ ಗ, ಮತ್ತೂ ಮೇಲಿನ ಪ ಬರಬಹುದು. ಬೆರಳು ಒಂದೇ, ಸ್ವರ ಐದು! ಮೊದಲಿನ ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಗಾಂಧಾರವೂ ಬಂದೀತು, ಧೈವತವೂ ಬಂದೀತು. ಮೇಲೆ ಹೋದಂತೆಲ್ಲ ಈ ನೆರೆಹೊರೆಯ ಸ್ವರಗಳು ಒತ್ತೊತ್ತಾಗುತ್ತವೆ. ಕೂದಲೆಳೆಯಷ್ಟು ತುಟಿ ಬಿಗಿದರೂ ಪಕ್ಕದ ಮನೆಗೆ ನುಗ್ಗಿದ ಹಾಗಾಗುತ್ತದೆ. ತುಟಿಗೆ ಕಣ್ಣಿಲ್ಲ. ಯಾವ ಸ್ವರ ಬೇಕೆಂಬುದನ್ನು ಅದಕ್ಕೆ ಮುಂಚಿತವಾಗಿ ತಿಳಿಸಬೇಕಾದುದು ಕಿವಿ. ಆ ಕಿವಿಗೆ ಸ್ವರ ಗೊತ್ತಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಿಸುವುದಕ್ಕೆ ಹಾಡಿ ನೋಡುವುದಕ್ಕಿಂತ ಬೇರೆ ದಾರಿಯನ್ನು ನಾನಂತೂ ಕಂಡಿಲ್ಲ.

ಇದನ್ನು ನನಗೆ ಕಲಿಸಿದ್ದು ಶಾಸ್ತ್ರವಲ್ಲ, ಅವಮಾನ. ಆ ವರ್ಷದ ಗಣೇಶನನ್ನು ಬಿಡುವ ಮೆರವಣಿಗೆಗೆ ನಮ್ಮ ಬೀದಿಯ ಹುಡುಗರು ಒಂದು ಸಣ್ಣ ಮೇಳ ಕಟ್ಟಿದ್ದರು. ಮೊದಲ ಸೊಲ್ಲು ನನ್ನದು, ತಾರ ಷಡ್ಜದಿಂದ. ಗುಂಡಿ ಒತ್ತುವ ಪ್ರಮೇಯವೇ ಇಲ್ಲ. ಗತ್ತಿನಿಂದ ಊದಿದೆ, ಬಂದದ್ದು ಪಂಚಮ. ಅದೇ ಷಡ್ಜವೆಂದು ನಂಬಿ ಮುಂದುವರಿದೆ. ಕ್ಲಾರಿನೆಟ್ಟಿನವನು ಒಂದು ದಾರಿ, ನಾನು ಒಂದು ದಾರಿ. ತಮಟೆಯವರು ಮಾತ್ರ ನಿರಾತಂಕವಾಗಿ ಬಾರಿಸುತ್ತಿದ್ದರು. ಬೀದಿಯ ಕೊನೆಯಲ್ಲಿ ಮೇಷ್ಟ್ರು ತಮ್ಮ ಜಗುಲಿಯ ಮೇಲೆ ನಿಂತಿದ್ದರು. ಮರುದಿನ ತಲೆತಗ್ಗಿಸಿಕೊಂಡು ಹೋದಾಗ ಅವರು ಬೈಯಲಿಲ್ಲ. “ಬೆರಳು ಸರಿಯಾಗೇ ಇತ್ತು ಕಣಯ್ಯ. ನಿನ್ನ ತಲೆಯಲ್ಲಿ ಷಡ್ಜ ಇರಲಿಲ್ಲ” ಎಂದರು. ಶ್ರುತಿಪೆಟ್ಟಿಗೆ ಮತ್ತೆ ಮುಂದೆ ಬಂದಿತು.

ಸ್ವರಗಳನ್ನು ಹೆಸರಿಟ್ಟು ಹಾಡುವ ಈ ಸಾಧನೆಯನ್ನು ಪಶ್ಚಿಮದವರು ಸೊಲ್ಫೆಜ್ ಎನ್ನುತ್ತಾರೆ. ಇಟಲಿಯ ಅರೆಟ್ಸೊ ನಗರದ ಗ್ವೀದೊ ಎಂಬ ಸಂನ್ಯಾಸಿ ಸುಮಾರು 1025ರ ಹೊತ್ತಿಗೆ ಒಂದು ಲ್ಯಾಟಿನ್ ಸ್ತೋತ್ರದ ಸಾಲುಗಳ ಮೊದಲ ಅಕ್ಷರಗಳನ್ನು ತೆಗೆದು ಉತ್, ರೆ, ಮಿ, ಫಾ, ಸೋಲ್, ಲಾ ಎಂದು ಆರು ಸ್ವರಗಳಿಗೆ ಹೆಸರಿಟ್ಟ. ಆ ಸ್ತೋತ್ರದ ಒಂದೊಂದು ಸಾಲೂ ಹಿಂದಿನದಕ್ಕಿಂತ ಒಂದು ಮೆಟ್ಟಿಲು ಮೇಲಿನ ಸ್ವರದಿಂದ ಎತ್ತಿಕೊಳ್ಳುತ್ತಿತ್ತು. ಹತ್ತು ವರ್ಷ ಕಲಿತರೂ ಅರೆಬರೆಯಾಗಿ ಉಳಿಯುತ್ತಿದ್ದ ಗಾಯಕರ ಬದಲು ಒಂದೆರಡು ವರ್ಷಗಳಲ್ಲಿ ಪೂರ್ಣ ಗಾಯಕರನ್ನು ಮಾಡಬಹುದೆಂದು ಅವನು ಪತ್ರವೊಂದರಲ್ಲಿ ಹೆಮ್ಮೆಯಿಂದ ಬರೆದಿದ್ದಾನೆ. ಹದಿನೇಳನೆಯ ಶತಮಾನದಲ್ಲಿ ಉತ್ ಹೋಗಿ ದೊ ಬಂದಿತು. ಏಳನೆಯ ಸ್ವರಕ್ಕೆ ಸಿ ಎಂಬ ಹೆಸರು ಕೂಡಿಕೊಂಡಿತು. 1795ರಲ್ಲಿ ಸ್ಥಾಪಿತವಾದ ಪ್ಯಾರಿಸ್ಸಿನ ಸಂಗೀತಶಾಲೆಯಲ್ಲಿ ವಾದ್ಯದವರಿಗೂ ಈ ಪಾಠ ತಪ್ಪಿದ್ದಲ್ಲ. ಇಂದಿಗೂ ತುತ್ತೂರಿಯವರ ಮನೆಯಲ್ಲಿ ಪಂಚಾಂಗದಂತೆ ಇರುವ ದೊಡ್ಡ ಅಭ್ಯಾಸಗ್ರಂಥವನ್ನು 1864ರಲ್ಲಿ ಪ್ರಕಟಿಸಿದ ಆರ್ಬಾನ್ (1825–1889) ಆ ಶಾಲೆಯಲ್ಲಿಯೇ ಕಲಿತು ಅಲ್ಲಿಯೇ ಕಲಿಸಿದವನು.

ಆದರೆ ಪಶ್ಚಿಮದಲ್ಲಿಯೂ ಈ ವಿಷಯದಲ್ಲಿ ಎರಡು ಮತಗಳುಂಟು. ಫ್ರಾನ್ಸಿನವರ ದೊ ಕದಲುವುದಿಲ್ಲ. ಪಿಯಾನೋದ ಇಂಥ ಮನೆಯೇ ದೊ, ರಾಗ ಯಾವುದಾದರೂ ಸರಿ. ಇಂಗ್ಲೆಂಡಿನಲ್ಲಿ ಸಾರಾ ಗ್ಲೋವರ್ ಎಂಬ ಉಪಾಧ್ಯಾಯಿನಿಯೂ ಅನಂತರ ಜಾನ್ ಕರ್ವೆನ್ (1816–1880) ಎಂಬ ಪಾದ್ರಿಯೂ ರೂಢಿಗೆ ತಂದ ಪದ್ಧತಿಯಲ್ಲಿ ದೊ ಚಲಿಸುತ್ತದೆ. ಹಾಡು ಎಲ್ಲಿ ನೆಲೆ ನಿಲ್ಲುತ್ತದೆಯೋ ಅದೇ ದೊ. ಹಂಗೆರಿಯ ಕೊದಾಯ್ (1882–1967) ತನ್ನ ದೇಶದ ಶಾಲೆಗಳಿಗಾಗಿ ಎತ್ತಿಕೊಂಡದ್ದೂ ಇದನ್ನೇ. ನಮ್ಮ ಆಧಾರಷಡ್ಜವನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ.

ತುತ್ತೂರಿಯವನಿಗೆ ಈ ಚಲಿಸುವ ಷಡ್ಜವೇ ಹಿತವೆಂದು ನನ್ನ ಅಭಿಪ್ರಾಯ. ಬ್ಯಾಂಡುಗಳಲ್ಲಿ ಸಾಮಾನ್ಯವಾಗಿ ಬಳಸುವ ತುತ್ತೂರಿಗೆ ಬರೆದ ದೊ ಹಾರ್ಮೋನಿಯಮ್ಮಿನ ಸಿ ಅಲ್ಲ, ಬಿ ಫ್ಲ್ಯಾಟ್. ನಮ್ಮವರು ಆರೂವರೆ ಎನ್ನುವ ಮನೆ. ಅಚಲ ದೊ ಕಲಿತವನು ಇಲ್ಲಿ ಬಾಯಲ್ಲಿ ಒಂದು ಹೆಸರು, ಕಿವಿಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಒದ್ದಾಡಬೇಕು. ಆರೂವರೆಯನ್ನೇ ಸ ಎಂದುಕೊಂಡರೆ ಜಗಳವೇ ಇಲ್ಲ. ಗಂಡುದನಿಗೆ ಅದು ಒಂದು ಸ್ಥಾಯಿ ಕೆಳಗೆ ಕೊಂಚ ತಗ್ಗೆನ್ನಿಸಿದರೂ ಹಾಡಲು ಬರುತ್ತದೆ.

ನನಗೆ ತೊಡಕಾದುದು ಬೇರೆ ಕಡೆ. ಅಮ್ಮ ಹೇಳಿಕೊಟ್ಟಿದ್ದ ಸರಳೆವರಸೆ, ಎಲ್ಲರದೂ ಹಾಗೆಯೇ, ಮಾಯಾಮಾಳವಗೌಳದಲ್ಲಿ. ನನ್ನ ನಾಲಗೆಗೆ ರಿ ಎಂದರೆ ಶುದ್ಧ ರಿಷಭ, ಷಡ್ಜಕ್ಕೆ ಅಂಟಿಕೊಂಡದ್ದು. ತುತ್ತೂರಿಯ ಪುಸ್ತಕದ ಮೊದಲ ಪಾಠಗಳೆಲ್ಲ ನಮ್ಮ ಶಂಕರಾಭರಣದ ಸ್ವರಗಳಲ್ಲಿ. ಅಲ್ಲಿನ ರೆ ಚತುಶ್ರುತಿ ರಿಷಭ. ರಿ ಎಂದು ಹಾಡಿಕೊಂಡು ಮೊದಲ ಮತ್ತು ಮೂರನೆಯ ಗುಂಡಿ ಒತ್ತಿದರೆ, ಗಂಟಲು ಒಂದು ಕಡೆ, ಕೊಳವೆ ಒಂದು ಕಡೆ. ಮೇಷ್ಟ್ರು ಇದಕ್ಕೆ ಮೇಳಕರ್ತದ ಅಕ್ಷರಗಳನ್ನು ಹಿಡಿದರು: ರಿಷಭ ಮೂರಾದರೆ ರ, ರಿ, ರು, ಗಾಂಧಾರ ಗ, ಗಿ, ಗು, ಮಧ್ಯಮ ಮ, ಮಿ, ಧೈವತ ದ, ದಿ, ದು, ನಿಷಾದ ನ, ನಿ, ನು. ಮಾಯಾಮಾಳವಗೌಳ ಆಗ ಸ ರ ಗು ಮ ಪ ದ ನು. ಶಂಕರಾಭರಣ ಸ ರಿ ಗು ಮ ಪ ದಿ ನು. ಸ್ವರ ಅರ್ಧ ಸರಿದರೆ ಅಕ್ಷರದ ಗುಣಿತವೂ ಸರಿಯುತ್ತದೆ, ನಾಲಗೆ ಮೋಸಹೋಗುವಂತಿಲ್ಲ. ಕರ್ವೆನ್ನನ ಪದ್ಧತಿಯಲ್ಲಿಯೂ ಇದೇ ಉಪಾಯವಿದೆ. ತಮಾಷೆಯೆಂದರೆ, ಅವರಲ್ಲಿ ರಿ ಎಂದರೆ ಏರಿಸಿದ ರೆ, ನಮ್ಮ ಲೆಕ್ಕದಲ್ಲಿ ರು. ಎರಡನ್ನೂ ಒಟ್ಟಿಗೆ ಕಲಿಯಹೊರಟವನ ಪಾಡು ದೇವರಿಗೇ ಪ್ರೀತಿ. ಯಾವುದಾದರೂ ಒಂದನ್ನು ಹಿಡಿಯಬೇಕು. ಅಮ್ಮನ ಮಡಿಲಲ್ಲಿ ಕೇಳಿದ್ದನ್ನು ಹಿಡಿಯುವುದು ಸುಲಭ.

ಸಾಧನೆಯ ಕ್ರಮ ಬಹಳ ಸರಳ. ಶ್ರುತಿಯನ್ನು ಆರೂವರೆಗೆ ನಿಲ್ಲಿಸಿ, ಎರಡೇ ಆವರ್ತದಷ್ಟು ಸೊಲ್ಲನ್ನು ಬಾಯಿಬಿಟ್ಟು ಸ್ವರಾಕ್ಷರಗಳಲ್ಲಿ ಹಾಡಬೇಕು. ತಪ್ಪಿದಲ್ಲಿ ನಿಂತು, ಷಡ್ಜಕ್ಕೆ ಹಿಂದಿರುಗಿ, ಅಲ್ಲಿಂದ ಆ ಸ್ವರಕ್ಕೆ ಮತ್ತೆ ಏರಬೇಕು. ಮುಂದೆ ತುತ್ತೂರಿಯನ್ನು ಕೈಗೆ ತೆಗೆದುಕೊಂಡು, ಬಾಯಿಗಿಡದೆ, ಹಾಡುತ್ತಲೇ ಗುಂಡಿಗಳನ್ನು ಒತ್ತಬೇಕು. ಆಮೇಲೆ ದನಿಯನ್ನು ನಿಲ್ಲಿಸಿ ಮನಸ್ಸಿನಲ್ಲೇ ಹಾಡಿಕೊಂಡು ಬೆರಳಾಡಿಸಬೇಕು. ಇದೇ ಎಲ್ಲಕ್ಕಿಂತ ಕಷ್ಟದ್ದು, ನಡುವೆ ಮನಸ್ಸು ಕಳ್ಳತನ ಮಾಡಿ ಸ್ವರವನ್ನು ಬಿಟ್ಟು ಬರಿಯ ಅಕ್ಷರವನ್ನು ಹೇಳಿಕೊಳ್ಳುತ್ತದೆ. ಮೌತ್‌ಪೀಸನ್ನು ಕಳಚಿ ಅದೊಂದರಲ್ಲೇ ಆ ಸೊಲ್ಲನ್ನು ತುಟಿಯಿಂದ ಝೇಂಕರಿಸಿ ನೋಡುವುದೂ ಉಂಟು. ಅಲ್ಲಿ ಗುಂಡಿಗಳ ಸಹಾಯವಿಲ್ಲ, ಸುಳ್ಳು ಹೇಳುವುದಕ್ಕಾಗುವುದಿಲ್ಲ. ಇಷ್ಟೂ ಆದಮೇಲೆ ಒಂದೇ ಒಂದು ಸಲ ಊದಬೇಕು. ಒಂದೇ ಸಲ ಏಕೆಂದರೆ, ತಪ್ಪು ಊದಿದ್ದನ್ನು ಹತ್ತು ಸಲ ತಿರುಗಿ ಊದಿದರೆ ತುಟಿ ಆ ತಪ್ಪನ್ನೇ ಪಾಠಮಾಡಿಕೊಳ್ಳುತ್ತದೆ. ನನ್ನ ಮೊದಲ ಎಂಟು ತಿಂಗಳು ಹೋದದ್ದು ಹೀಗೆಯೇ.

ಇದರ ಲಾಭ ಕಾಲದಲ್ಲಿಯೂ ಇದೆ. ತುಟಿಯೆಂಬುದು ಸಣ್ಣ ಸ್ನಾಯು. ಹೊಸಬನಿಗೆ ಇಪ್ಪತ್ತು ನಿಮಿಷಕ್ಕೆ ಸೋಲುತ್ತದೆ. ಸೋತ ತುಟಿಯನ್ನು ಮೌತ್‌ಪೀಸಿನಿಂದ ಒತ್ತಿ ದುಡಿಸಿದರೆ ಕೆಡುತ್ತದೆ. ಊದಿದಷ್ಟೇ ಹೊತ್ತು ವಿಶ್ರಾಂತಿ ಕೊಡಬೇಕು. ಆ ವಿಶ್ರಾಂತಿಯೆಲ್ಲ ಹಾಡುವುದಕ್ಕೆ ಒದಗುತ್ತದೆ. ನನಗೆ ಇನ್ನೊಂದು ನಿರ್ಬಂಧವೂ ಇತ್ತು. ವಠಾರದ ಒಂಬತ್ತು ಮನೆಗಳಲ್ಲಿ ಒಂದರಲ್ಲಿ ಕಾಯಿಲೆಯ ಅಜ್ಜಿ, ಇನ್ನೊಂದರಲ್ಲಿ ಎಳೆಗೂಸು, ಮೂರನೆಯದರಲ್ಲಿ ಪರೀಕ್ಷೆಗೆ ಓದುವ ಹುಡುಗಿ. ತುತ್ತೂರಿಗೆ ದೊರೆತದ್ದು ಸಂಜೆ ಐದರಿಂದ ಐದೂವರೆ ಮಾತ್ರ. ಹಾಡುವುದಕ್ಕೆ ಯಾರ ಅಡ್ಡಿಯೂ ಇರಲಿಲ್ಲ. “ಈಗ ನಿನ್ನ ತುತ್ತೂರಿ ಪರವಾಗಿಲ್ಲ ಕಣೋ” ಎಂದು ಅಜ್ಜಿ ಒಮ್ಮೆ ಹೇಳಿದರು, ನಾನಾಗ ಹಾಡುತ್ತಿದ್ದೆ.

ಹಾಡತೊಡಗಿದ ಮೇಲೆ ವಾದ್ಯದ ದೋಷಗಳೂ ಕೇಳಿಸಲಾರಂಭಿಸಿದುವು. ಒಂದು, ಮೂರು ಗುಂಡಿಗಳನ್ನು ಒತ್ತಿದಾಗ ಬರುವ ಕೆಳಗಿನ ರಿಷಭ ಎಲ್ಲ ತುತ್ತೂರಿಗಳಲ್ಲಿಯೂ ಏರುಶ್ರುತಿ. ಮೂರನೆಯ ಗುಂಡಿಯ ಜಾರುಕೊಳವೆಯನ್ನು ಬೆರಳಿನಿಂದ ಮುಂದಕ್ಕೆ ತಳ್ಳಿ ಅದನ್ನು ಇಳಿಸಿಕೊಳ್ಳಬೇಕು. ಆ ಕೊಳವೆಗೆ ಉಂಗುರವೇಕಿದೆಯೆಂದು ಎಂಟು ತಿಂಗಳು ನನಗೆ ತಿಳಿದಿರಲಿಲ್ಲ. ಬೆರಳಿಗೆ ಅಲಂಕಾರವೆಂದುಕೊಂಡಿದ್ದೆ.

ತಾರಸ್ಥಾಯಿಯ ಗಾಂಧಾರದ ಕಥೆ ಇನ್ನೂ ಸ್ವಾರಸ್ಯದ್ದು. ಗುಂಡಿ ಒತ್ತದೆ ಊದಿದ ಆ ಗ ಪಿಯಾನೋದ ಗಕ್ಕಿಂತ ಕೊಂಚ ತಗ್ಗಿರುತ್ತದೆ. ಅರ್ಧ ಸ್ವರವನ್ನು ನೂರು ಪಾಲು ಮಾಡಿದರೆ ಸುಮಾರು 14 ಪಾಲು. ಪುಸ್ತಕಗಳು ಅದನ್ನು ದೋಷವೆಂದೇ ಬರೆದು, ತುಟಿಯಿಂದ ಏರಿಸಿಕೊಳ್ಳಬೇಕೆನ್ನುತ್ತವೆ. ಒಂದು ರಾತ್ರಿ ಅಮ್ಮನ ತಂಬೂರಿಯ ಮಂದ್ರ ತಂತಿಯನ್ನು ಮೀಟಿ ಕಿವಿಗೊಟ್ಟು ಕುಳಿತಿದ್ದೆ. ಯಾರೂ ಮೀಟದ ಗಾಂಧಾರವೊಂದು ಆ ತಂತಿಯೊಳಗಿನಿಂದ ತಾನೇ ಎದ್ದು ಬಂದಿತು. ನಮ್ಮ ಹಿರಿಯರು ಸ್ವಯಂಭೂ ಎಂದು ಕರೆದ ಸ್ವರ. ಅದು ನನ್ನ ತುತ್ತೂರಿಯ ಗಾಂಧಾರವೇ! ಸ, ಪ, ಸ, ಗ, ಪ — ಕೊಳವೆಯ ಗಾಳಿಯೂ ತಂಬೂರಿಯ ತಂತಿಯೂ ಒಂದೇ ನಿಯಮದಂತೆ ನುಡಿಯುತ್ತವೆ. ಪಿಯಾನೋದ ಜೊತೆ ಊದುವಾಗ ಅದನ್ನು ಏರಿಸಬೇಕು ನಿಜ. ತಂಬೂರಿಯ ಜೊತೆ ಏರಿಸಿದರೆ ಅದೇ ಅಪಸ್ವರ. ಯಾವಾಗ ಯಾವುದೆಂಬುದನ್ನು ಬೆರಳಿನ ಪಟ್ಟಿ ಹೇಳಲಾರದು.

ಗುಂಡಿಗಳೇ ಇಲ್ಲದ ಕಾಲದಲ್ಲಿ ತುತ್ತೂರಿಯವರಿಗಿದ್ದುದು ಈ ಸಹಜ ಸ್ವರಗಳ ಏಣಿಯೊಂದೇ. ಕೆಳಗಿನ ಮೆಟ್ಟಿಲುಗಳು ದೂರದೂರ. ಮೇಲೆ, ಬಹಳ ಮೇಲೆ, ಸ್ವರಗಳು ಒತ್ತಾಗುವಲ್ಲಿ ಮಾತ್ರ ರಾಗ ಹೊಮ್ಮಿಸಲು ಸಾಧ್ಯ. ವಿಯೆನ್ನಾದ ಆಂಟನ್ ವೈಡಿಂಗರ್ ತುತ್ತೂರಿಯ ಮೈಗೆ ರಂಧ್ರ ಕೊರೆದು ಮುಚ್ಚಳದ ಕೀಲಿಗಳನ್ನು ಜೋಡಿಸಿದ. ಹೈಡನ್ 1796ರಲ್ಲಿ ಅವನಿಗಾಗಿ ಕಾನ್ಚೆರ್ಟೊ ಬರೆದ. 1818ರಲ್ಲಿ ಸ್ಟೋಲ್ಟ್ಸೆಲ್, ಬ್ಲೂಮೆಲ್ ಎಂಬ ಇಬ್ಬರು ಜರ್ಮನರು ಗುಂಡಿಯ ಸಾಧನಕ್ಕೆ ಬರ್ಲಿನ್ನಿನಲ್ಲಿ ಪೇಟೆಂಟು ಪಡೆದರು. ಬೆರಳಿಗೆ ಕೆಲಸ ಬಂದದ್ದು ಹೀಗೆ, ಈಚೆಗೆ.

ಹಾಡುವುದರಿಂದ ಎಲ್ಲವೂ ಬರುತ್ತದೆಂದು ನಾನು ಹೇಳುವುದಿಲ್ಲ. ಉಸಿರಿನ ಬಲ ಬರುವುದಿಲ್ಲ. ತುಟಿಯ ತಾಳ್ಮೆ ಬರುವುದಿಲ್ಲ. ಆರ್ಬಾನ್ ಕಲಿಸುವ ತು-ಕು, ತು-ತು-ಕು ಎಂಬ ನಾಲಗೆಯ ಹೊಡೆತಗಳು ನಮ್ಮ ತಕ ತಕಿಟಗಳಿಗೆ ನೆಂಟರಾದರೂ ಕೊಳವೆಯೊಳಗೇ ಕಲಿಯತಕ್ಕವು. ನಾವು ಒಂದು ಸ್ಥಾಯಿ ಕೆಳಗೆ ಹಾಡಿಕೊಳ್ಳುವುದರಿಂದ ತಾರಸ್ಥಾಯಿಯ ಶ್ರಮ ಎಷ್ಟೆಂಬುದು ಗಂಟಲಿಗೆ ತಿಳಿಯದು. ಗಂಟಲನ್ನು ಬಿಗಿದು ಹಾಡುವ ದುರಭ್ಯಾಸವಿದ್ದವರು ಊದುವಾಗಲೂ ಬಿಗಿಯುತ್ತಾರೆ. ಅಂಥವರಿಗೆ ಹಾಡು ಕೇಡನ್ನೇ ಮಾಡೀತು. ಮೇಷ್ಟ್ರು ಹಾಡುವಾಗ ಅವರ ಕುತ್ತಿಗೆಯ ಒಂದು ನರವೂ ಎದ್ದು ಕಾಣುತ್ತಿರಲಿಲ್ಲ. ಹಲ್ಲಿಲ್ಲದ ಬಾಯಿಯಿಂದ ಅಕ್ಷರ ತೊದಲುತ್ತಿತ್ತು, ಸ್ವರ ತೊದಲುತ್ತಿರಲಿಲ್ಲ. 1976ರ ಮಾರ್ಚಿನಲ್ಲಿ ನಾನು ಏಳು ಸ್ವರಗಳನ್ನು ಏರಿ ಇಳಿದಾಗ ಅವರು ಜೊತೆಯಲ್ಲೇ ಹಾಡಿದರು. ಅವರು ಊದಲಾರದೆ ಹಾಡುತ್ತಿದ್ದಾರೆಂಬುದು ಆ ವಯಸ್ಸಿನಲ್ಲಿ ನನ್ನ ಮನಸ್ಸಿಗೆ ತಟ್ಟಲಿಲ್ಲ.

ತಟ್ಟಿದ್ದು ಎರಡು ವರ್ಷಗಳ ಕೆಳಗೆ, ನನ್ನ ಮೇಲಿನ ಮುಂದಿನ ಹಲ್ಲೊಂದು ಅಲ್ಲಾಡಿ, ಕೀಳಿಸಬೇಕಾಗಿ ಬಂದಾಗ. ಹೊಸ ಹಲ್ಲು ಕೂರುವವರೆಗೆ ನಾಲ್ಕು ತಿಂಗಳು ತುತ್ತೂರಿ ಪೆಟ್ಟಿಗೆಯಲ್ಲಿತ್ತು. ಮೊದಲ ವಾರ ಆ ಪೆಟ್ಟಿಗೆಯನ್ನು ನೋಡಿದರೆ ಸಿಟ್ಟು ಬರುತ್ತಿತ್ತು. ಎರಡನೆಯ ವಾರ ಶ್ರುತಿಯನ್ನು ಆರೂವರೆಗೆ ಹಚ್ಚಿದೆ. ಈಗ ಅದಕ್ಕೆ ಮೊಬೈಲೇ ಸಾಕು. ಪಂಚಮದಿಂದ ತಾರ ಗಾಂಧಾರಕ್ಕೆ ಹಾರುವ ಒಂದು ಸೊಲ್ಲಿದೆ. ಬೆರಳು ಕದಲುವುದಿಲ್ಲ, ನಡುವೆ ಷಡ್ಜದ ಮೇಲೆ ಎಡವದೆ ದಾಟಬೇಕು. ಐವತ್ತು ವರ್ಷಗಳಲ್ಲಿ ನಾನು ಅದನ್ನು ತಪ್ಪಿದಷ್ಟು ಸಲ ಸರಿಯಾಗಿ ಊದಿಲ್ಲ. ನಾಲ್ಕು ತಿಂಗಳೂ ಅದನ್ನು ಹಾಡಿದೆ: ಪ ಗು, ಪ ಗು. ತರಕಾರಿ ತರುವಾಗ, ಬಸ್ಸಿಗೆ ಕಾಯುವಾಗ, ದಂತವೈದ್ಯರ ಹೊರಕೋಣೆಯಲ್ಲಿ ತುಟಿ ಅಲುಗಿಸದೆ.

ಹೊಸ ಹಲ್ಲು ಕಟ್ಟಿಸಿಕೊಂಡು, ವೈದ್ಯರ ಅಪ್ಪಣೆಯಾದ ದಿನ ಸಂಜೆ ಪೆಟ್ಟಿಗೆ ತೆರೆದೆ. ಗುಂಡಿಗಳು ಅಂಟಿಕೊಂಡಿದ್ದುವು, ಎಣ್ಣೆ ಬಿಟ್ಟೆ. ಒಮ್ಮೆ ಹಾಡಿ ಊದಿದೆ. ತುಟಿ ನಡುಗುತ್ತಿತ್ತು, ದನಿ ತೆಳ್ಳಗೆ. ಆದರೆ ಪಂಚಮದಿಂದ ಗಾಂಧಾರಕ್ಕೆ ನೇರವಾಗಿ ಹೋಗಿ ನಿಂತಿತು. ಎರಡನೆಯ ಸಲ ಒಡೆಯಿತು. ಐದು ನಿಮಿಷಕ್ಕೆ ತುಟಿ ಸೋತು, ತುತ್ತೂರಿಯನ್ನು ಒರಸಿ ಇಟ್ಟು, ಉಳಿದ ಇಪ್ಪತ್ತೈದು ನಿಮಿಷ ಹಾಡಿದೆ.